ಹದಿನೇಳಕ್ಕೇ ಹೋಟೆಲ್ ರಿಸೆಪ್ಷನ್ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ನನಗೀಗ 17 ವರ್ಷ. ಹೋಟೆಲ್‌ನ ಫ್ರಂಟ್ ಡೆಸ್ಕ್‌ನಲ್ಲಿ ಕೆಲಸ ಮಾಡಬೇಕೆಂದು ತುಂಬಾ ಆಸೆ. ಆನ್‌ಲೈನ್‌ನಲ್ಲಿ ಸಾಕಷ್ಟು ಕಡೆ ಅರ್ಜಿ ಹಾಕಿದ್ದೇನೆ, ಎಲ್ಲಿಂದಲೂ ಉತ್ತರವಿಲ್ಲ. ಫೋನ್ ಮಾಡಿದರೆ ‘ಅನುಭವ ಇದೆಯಾ?’ ಎಂದು ಕೇಳಿ ಇಟ್ಟುಬಿಡುತ್ತಾರೆ. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ನನ್ನ ವಯಸ್ಸೇ ಅಡ್ಡಿಯಾಗುತ್ತಿದೆಯೇ?

ಉತ್ತರ: ವಯಸ್ಸು ಸ್ವಲ್ಪ ಮಟ್ಟಿಗೆ ಅಡ್ಡಿಯೇ. ಚಿಕ್ಕವರಿಗೆ ಕೆಲಸ ಬರುವುದಿಲ್ಲ ಎಂದಲ್ಲ, ರಾತ್ರಿ ಪಾಳಿಯ ತೊಡಕು ಅದು. ರಿಸೆಪ್ಷನ್ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬೇಕು. ಸಾಮಾನ್ಯವಾಗಿ ಬೆಳಿಗ್ಗೆ 7ರಿಂದ 3, ಮಧ್ಯಾಹ್ನ 3ರಿಂದ 11, ರಾತ್ರಿ 11ರಿಂದ 7 ಎಂದು ಮೂರು ಶಿಫ್ಟ್ ಇರುತ್ತವೆ, ಇರುವ ನಾಲ್ಕೈದು ಜನ ಸರದಿಯಂತೆ ತಿರುಗುತ್ತಾರೆ. 18 ತುಂಬದವರಿಗೆ ರಾತ್ರಿ ಕನಿಷ್ಠ ಹನ್ನೆರಡು ಗಂಟೆ ಸತತವಾಗಿ ಕೆಲಸದಿಂದ ಬಿಡುವಿರಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತು ಆ ಬಿಡುವಿನೊಳಗೇ ಬರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1946ರಷ್ಟು ಹಿಂದೆಯೇ ಒಪ್ಪಂದ ರೂಪಿಸಿದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ನಿಯಮ ಒಂದೊಂದು ಕಡೆ ಒಂದೊಂದು ಥರ. ನಿಮ್ಮಲ್ಲಿ ಏನಿದೆ ಎಂದು ಕಾರ್ಮಿಕ ಇಲಾಖೆಯಿಂದ ಮೊದಲು ತಿಳಿದುಕೊಳ್ಳಿ. ಕಾನೂನಿನ ಮಾತು ಬಿಟ್ಟರೂ, ರಾತ್ರಿ ಪಾಳಿಗೆ ಹಾಕಲಾಗದವರನ್ನು ತೆಗೆದುಕೊಂಡರೆ ಮ್ಯಾನೇಜರ್‌ಗೆ ಡ್ಯೂಟಿ ಚಾರ್ಟ್ ಹೊಂದಿಸುವುದು ಕಷ್ಟ.

ಹಾಗಾಗಿ ‘ಯಾವ ಶಿಫ್ಟ್ ಆದರೂ ಸರಿ’ ಎಂದು ಬರೆಯಬೇಡಿ. ‘ಶನಿವಾರ, ಭಾನುವಾರ ಮತ್ತು ರಜಾದಿನಗಳ ಬೆಳಗಿನ ಪಾಳಿಗೆ ಖಂಡಿತ ಬರುತ್ತೇನೆ’ ಎಂದು ಬರೆಯಿರಿ. ರಜೆಯ ಬೆಳಿಗ್ಗೆ ಚೆಕ್‌-ಔಟ್ ನೂಕುನುಗ್ಗಲಲ್ಲಿ ಇನ್ನೊಂದು ಕೈ ಸಿಕ್ಕರೆ ಯಾವ ಡೆಸ್ಕ್‌ಗಾದರೂ ಖುಷಿಯೇ. ವಯಸ್ಸು ಹೆಚ್ಚು ಹೇಳುವ ಯೋಚನೆ ಮಾತ್ರ ಬೇಡ. ಸೇರುವ ದಿನವೇ ಗುರುತಿನ ಚೀಟಿ ಕೇಳುತ್ತಾರೆ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಅನುಭವದ ವಿಷಯ. ನಾನು ಫ್ರಂಟ್ ಆಫೀಸಿನಲ್ಲಿ ದುಡಿದು, ಆಮೇಲೆ ಅದೇ ವಿಭಾಗಕ್ಕೆ ಜನರನ್ನು ಆರಿಸುತ್ತಿದ್ದವಳು. ಅರ್ಜಿ ಕೈಗೆ ಬಂದಾಗ ನಾನು ನೋಡುತ್ತಿದ್ದುದು, ಈ ಹುಡುಗ ಅಥವಾ ಹುಡುಗಿಯನ್ನು ನಂಬಿ ಡೆಸ್ಕ್ ಬಿಟ್ಟುಕೊಡಬಹುದೇ ಎಂದು. ಆ ಮೇಜಿನ ಹಿಂದೆ ಎಲ್ಲ ರೂಮುಗಳ ಕೀ ಇರುತ್ತದೆ, ನಗದಿನ ಡ್ರಾಯರ್ ಇರುತ್ತದೆ, ನೂರಾರು ಅತಿಥಿಗಳ ಗುರುತಿನ ಚೀಟಿಯ ಪ್ರತಿಗಳಿರುತ್ತವೆ. ಸಾಫ್ಟ್‌ವೇರನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು, ನಂಬಿಕೆ ಮೊದಲೇ ಹುಟ್ಟಬೇಕು. ಆದ್ದರಿಂದ ಯಾರಾದರೂ ನಿಮ್ಮನ್ನು ನಂಬಿ ಏನಾದರೂ ಒಪ್ಪಿಸಿದ್ದರೆ ಅದನ್ನೇ ಬಯೋಡೇಟಾದಲ್ಲಿ ಬರೆಯಿರಿ. ‘ನಾನು ಜವಾಬ್ದಾರಿಯುತ ವ್ಯಕ್ತಿ’ ಎಂಬ ಸಾಲು ಎಲ್ಲರದ್ದರಲ್ಲೂ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ‘ಶಾಲೆಯ ಪ್ರವಾಸಕ್ಕೆ ತರಗತಿಯವರಿಂದ ಹಣ ಸಂಗ್ರಹಿಸಿ, ರಸೀದಿ ಬರೆದು, ಲೆಕ್ಕ ಒಪ್ಪಿಸಿದ್ದೇನೆ’ ಎಂದಿದ್ದರೆ ನಾನು ಅಲ್ಲಿ ನಿಲ್ಲುತ್ತಿದ್ದೆ. ಅಂಗಡಿಯಲ್ಲಿ ಗಲ್ಲಾ ನೋಡಿಕೊಂಡದ್ದು, ಕ್ಲಿನಿಕ್‌ನಲ್ಲಿ ಫೋನ್ ಎತ್ತಿ ಅಪಾಯಿಂಟ್‌ಮೆಂಟ್ ಬರೆದದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಆ ಕಾಗದ ಹಿಡಿದುಕೊಂಡು ನೀವೇ ಹೋಗಿ, ಆದರೆ ಹೊತ್ತು ನೋಡಿ ಹೋಗಿ. ಹೆಚ್ಚಿನ ಕಡೆ ಚೆಕ್‌-ಔಟ್ ಮಧ್ಯಾಹ್ನ 12ರೊಳಗೆ, ಚೆಕ್‌-ಇನ್ 2 ಅಥವಾ 3ರ ನಂತರ. ಇವೆರಡರ ನಡುವೆ, ವಾರದ ದಿನಗಳಲ್ಲಿ, ಲಾಬಿ ಸ್ವಲ್ಪ ಉಸಿರಾಡುತ್ತದೆ. ಆಗ ಹೋಗಿ ಫ್ರಂಟ್ ಆಫೀಸ್ ಮ್ಯಾನೇಜರ್ ಇದ್ದಾರೆಯೇ ಎಂದು ವಿಚಾರಿಸಿ. ಜನ ಸೂಟ್‌ಕೇಸ್ ಹಿಡಿದು ಸಾಲುಗಟ್ಟಿರುವಾಗ ನಡುವೆ ನುಗ್ಗಿ ‘ಕೆಲಸ ಖಾಲಿ ಇದೆಯಾ?’ ಎಂದವರಿಗೆ ಡೆಸ್ಕಿನ ಕಷ್ಟ ಗೊತ್ತಿಲ್ಲ ಎಂದು ಅಲ್ಲೇ ತಿಳಿದುಬಿಡುತ್ತದೆ. ದೊಡ್ಡ ಸಮೂಹದ ಹೋಟೆಲ್‌ಗಳು ವಯಸ್ಸಿನ ನಿಯಮವನ್ನು ಸಡಿಲಿಸುವುದು ಕಡಿಮೆ. ಮಾಲೀಕರೇ ನಿಂತು ನಡೆಸುವ ಚಿಕ್ಕ ಹೋಟೆಲ್‌ಗಳಲ್ಲಿ ನಿಮಗೆ ಅವಕಾಶ ಹೆಚ್ಚು.

ಡೆಸ್ಕ್ ಸಿಗದಿದ್ದರೆ ಬೇರೆ ವಿಭಾಗ ಕೇಳಿ. ಲಗೇಜ್ ಒಯ್ಯುವ ಬೆಲ್ ಡೆಸ್ಕ್, ತಿಂಡಿ ಬಡಿಸುವ ಕೆಲಸ, ಫೋನ್ ಆಪರೇಟರ್, ಯಾವುದಾದರೂ ಸರಿ. ನನ್ನನ್ನು ಕೇಳಿದರೆ ಹೌಸ್‌ಕೀಪಿಂಗ್ ಎಲ್ಲಕ್ಕಿಂತ ಒಳ್ಳೆಯದು, ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಅತಿಥಿ ಖಾಲಿ ಮಾಡಿದ ರೂಮು ಕಂಪ್ಯೂಟರಿನಲ್ಲಿ ಮೊದಲು ‘ಖಾಲಿ, ಶುಚಿಯಾಗಿಲ್ಲ’ ಎಂದು ಕಾಣಿಸುತ್ತದೆ. ಹಾಸಿಗೆ ಬದಲಾಗಿ, ಬಚ್ಚಲು ತೊಳೆದು, ಸೂಪರ್‌ವೈಸರ್ ನೋಡಿ ಒಪ್ಪಿದ ಮೇಲಷ್ಟೇ ಅದು ‘ಶುಚಿ, ಕೊಡಬಹುದು’ ಎಂದಾಗುವುದು. ಅಲ್ಲಿಯತನಕ ಡೆಸ್ಕಿನವರು ಆ ಕೀ ಕೊಡುವಂತಿಲ್ಲ. ದೂರದಿಂದ ಬಂದು, ನಿದ್ದೆಗೆಟ್ಟು, ಬೆಳಿಗ್ಗೆ ಹನ್ನೊಂದಕ್ಕೇ ರೂಮು ಕೇಳುವ ಅತಿಥಿಗೆ ‘ಇನ್ನೂ ಆಗಿಲ್ಲ’ ಎನ್ನುವುದಕ್ಕೂ, ‘ನಿಮ್ಮ ಮಹಡಿಯಲ್ಲಿ ಕ್ಲೀನಿಂಗ್ ನಡೀತಿದೆ, ನಲವತ್ತು ನಿಮಿಷ ಬೇಕು, ಬ್ಯಾಗ್ ಇಲ್ಲಿಡಿ, ಸ್ವಲ್ಪ ಕೂತ್ಕೊಳ್ಳಿ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದನ್ನು ಧೈರ್ಯವಾಗಿ ಹೇಳಬಲ್ಲವರು ರೂಮು ಸಿದ್ಧವಾಗುವುದನ್ನು ಕಣ್ಣಾರೆ ಕಂಡವರು. ಅಂಥವರನ್ನು ಡೆಸ್ಕಿಗೆ ಕರೆಸಿಕೊಳ್ಳಲು ಮ್ಯಾನೇಜರ್‌ಗಳು ಕಾಯುತ್ತಿರುತ್ತಾರೆ.

ಪ್ರಶ್ನೆ: ಮುಂದಿನ ವಾರ ಸಂದರ್ಶನವಿದೆ. ಏನು ಕೇಳಬಹುದು? ಹೋಟೆಲ್ ಸಾಫ್ಟ್‌ವೇರ್ ಒಂದೂ ನನಗೆ ಗೊತ್ತಿಲ್ಲ.

ಉತ್ತರ: ಸಾಫ್ಟ್‌ವೇರ್ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಕಲಿಯುತ್ತೇನೆ’ ಎಂದರೆ ಸಾಕು. ಒಂದು ಸನ್ನಿವೇಶ ಕೊಟ್ಟು ‘ನೀವಿದ್ದರೆ ಏನು ಮಾಡ್ತಿದ್ರಿ?’ ಎಂದು ಕೇಳುವವರೇ ಹೆಚ್ಚು, ಅದಕ್ಕೆ ತಯಾರಾಗಿ.

ನಾನು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಇದು: ಒಬ್ಬರು ಫೋನ್ ಮಾಡಿ, ‘ನನ್ನ ತಮ್ಮ ನಿಮ್ಮ ಹೋಟೆಲ್‌ನಲ್ಲಿದ್ದಾನೆ, ಯಾವ ರೂಮು?’ ಎನ್ನುತ್ತಾರೆ. ಸಹಾಯ ಮಾಡುವ ಉತ್ಸಾಹದಲ್ಲಿ ಹೊಸಬರು ನಂಬರ್ ಹೇಳಿಬಿಡುತ್ತಾರೆ. ಹೇಳಲೇಬಾರದು. ಆ ಹೆಸರಿನವರು ನಮ್ಮಲ್ಲಿದ್ದಾರೋ ಇಲ್ಲವೋ ಎಂಬುದನ್ನೂ ಬಿಟ್ಟುಕೊಡದೆ, ‘ನಿಮ್ಮ ಹೆಸರು, ನಂಬರ್ ಕೊಡಿ. ಅವರು ನಮ್ಮ ಅತಿಥಿಯಾಗಿದ್ದರೆ ಸಂದೇಶ ತಲುಪಿಸುತ್ತೇವೆ’ ಎನ್ನಬೇಕು. ಫೋನ್ ಮಾಡಿದವರು ನಿಜಕ್ಕೂ ಅಣ್ಣನೇ ಇರಬಹುದು, ಆ ಅತಿಥಿ ಯಾರಿಂದ ತಪ್ಪಿಸಿಕೊಂಡು ಬಂದಿದ್ದಾರೋ ಅವರೇ ಇರಬಹುದು. ಡೆಸ್ಕಿನಲ್ಲಿರುವವರಿಗೆ ಅದು ತಿಳಿಯುವ ದಾರಿಯಿಲ್ಲ. ಚೆಕ್‌-ಇನ್ ಮಾಡುವಾಗಲೂ ರೂಮ್ ನಂಬರನ್ನು ಗಟ್ಟಿಯಾಗಿ ಹೇಳುವುದಿಲ್ಲ. ಕೀ ಕಾರ್ಡಿನ ಕವರ್ ಮೇಲೆ ಬರೆದು, ಬೆರಳಿಟ್ಟು ತೋರಿಸುತ್ತೇವೆ. ಹಿಂದೆ ನಿಂತವರಿಗೆ ಅದು ಕೇಳಿಸಬಾರದು, ಒಬ್ಬಂಟಿಯಾಗಿ ಬಂದವರ ವಿಷಯದಲ್ಲಂತೂ ಖಂಡಿತ ಕೇಳಿಸಬಾರದು. ‘ಕೀ ರೂಮಲ್ಲೇ ಬಿಟ್ಟೆ, ಇನ್ನೊಂದು ಕೊಡಿ’ ಎಂದು ಬಂದವರಿಗೂ ಹೆಸರು, ಗುರುತಿನ ಚೀಟಿ ತಾಳೆ ನೋಡದೆ ಕೊಡುವುದಿಲ್ಲ, ಅವರು ಎಷ್ಟೇ ಸಿಟ್ಟಾದರೂ ಸರಿ.

ಎರಡನೆಯದು, ಓವರ್‌ಬುಕಿಂಗ್. ಬುಕ್ ಮಾಡಿದವರಲ್ಲಿ ಕೆಲವರು ಬರುವುದಿಲ್ಲ ಎಂಬ ಅಂದಾಜಿನ ಮೇಲೆ ಹೋಟೆಲ್‌ಗಳು ಇರುವ ರೂಮುಗಳಿಗಿಂತ ಹೆಚ್ಚು ಬುಕಿಂಗ್ ತೆಗೆದುಕೊಳ್ಳುವುದುಂಟು. ಎಲ್ಲರೂ ಬಂದುಬಿಟ್ಟರೆ ಕೊನೆಗೆ ಬಂದವರನ್ನು ಬೇರೆ ಹೋಟೆಲ್‌ಗೆ ಕಳಿಸಬೇಕಾಗುತ್ತದೆ, ಒಳ್ಳೆಯ ಹೋಟೆಲ್‌ಗಳು ಆ ರಾತ್ರಿಯ ಬಾಡಿಗೆ ಮತ್ತು ಗಾಡಿ ಖರ್ಚನ್ನು ತಾವೇ ಭರಿಸುತ್ತವೆ. ಹೊಸಬರು ಇದನ್ನು ತಾವೇ ಬಗೆಹರಿಸಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ‘ಕ್ಷಮೆ ಕೇಳಿ, ಕೂರಿಸಿ, ತಕ್ಷಣ ಡ್ಯೂಟಿ ಮ್ಯಾನೇಜರ್‌ಗೆ ಫೋನ್ ಮಾಡುತ್ತೇನೆ’ ಎನ್ನುವುದೇ ಸರಿಯಾದ ಉತ್ತರ.

ಅಷ್ಟರೊಳಗೆ ಒಂದು ಕಲಿತುಕೊಳ್ಳಿ: ಆಲ್ಫಾ, ಬ್ರಾವೊ, ಚಾರ್ಲಿ ಎಂದು ಸಾಗುವ ಅಕ್ಷರಮಾಲೆ. ವಿಮಾನಯಾನಕ್ಕಾಗಿ ರೂಪುಗೊಂಡು, 1956ರಲ್ಲಿ ಈಗಿನ ರೂಪಕ್ಕೆ ಬಂದದ್ದು. ಫೋನಿನಲ್ಲಿ ಹೆಸರಿನ ಸ್ಪೆಲಿಂಗ್ ಖಚಿತಪಡಿಸಿಕೊಳ್ಳಲು ಹೋಟೆಲ್‌ಗಳಲ್ಲೂ ಬಳಸುತ್ತಾರೆ.

ಪ್ರಶ್ನೆ: ಮಗಳಿಗೆ ಈಗಷ್ಟೇ 18 ತುಂಬಿದೆ. ರಿಸೆಪ್ಷನ್ ಕೆಲಸ ಸಿಕ್ಕಿದೆ, ಆದರೆ ರಾತ್ರಿ ಪಾಳಿ. ಕಳಿಸಬಹುದೇ?

ಉತ್ತರ: ನಿಮ್ಮ ಆತಂಕ ಸಹಜ. ರಾತ್ರಿ ಪಾಳಿಯಲ್ಲಿ ನೈಟ್ ಆಡಿಟ್ ಎಂಬ ಕೆಲಸವಿರುತ್ತದೆ. ಪ್ರತಿ ರೂಮಿನ ಬಿಲ್ಲಿಗೆ ಆ ದಿನದ ಬಾಡಿಗೆ, ತೆರಿಗೆ ಏರಿಸಿ, ನಗದು ತಾಳೆ ಹಾಕಿ, ದಿನ ಮುಗಿಸಿ ತಾರೀಖು ಬದಲಿಸುವುದು. ಅದನ್ನು ಕಲಿತವರು ಹೋಟೆಲ್ ವ್ಯವಹಾರವನ್ನೇ ಕಲಿತಂತೆ. ಆದರೂ ಹೊಸಬಳನ್ನು ಮೊದಲ ತಿಂಗಳುಗಳಲ್ಲಿ ರಾತ್ರಿ ಒಂಟಿಯಾಗಿ ಕೂರಿಸುವ ಹೋಟೆಲ್‌ಗೆ ನಾನಂತೂ ಕಳಿಸುವುದಿಲ್ಲ. ಮಗಳೇ ಮ್ಯಾನೇಜರನ್ನು ಕೇಳಲಿ: ಜೊತೆಗೆ ಯಾರಿರುತ್ತಾರೆ? ಬಾಗಿಲಲ್ಲಿ ಸೆಕ್ಯೂರಿಟಿ ಇದ್ದಾರೆಯೇ? ಅತಿಥಿ ರೂಮಿಗೆ ಕರೆದರೆ ಹೋಗುವವರು ಯಾರು? ಹೋಗಿಬರಲು ಗಾಡಿ ಇದೆಯೇ? ಇದಕ್ಕೆಲ್ಲ ಬೇಸರಿಸಿಕೊಳ್ಳದೆ ನೇರ ಉತ್ತರ ಕೊಟ್ಟರೆ ಕಳಿಸಿ.

ಪ್ರಶ್ನೆ: ‘ದೊಡ್ಡ ಹೋಟೆಲ್‌ನಲ್ಲಿ ಫ್ರಂಟ್ ಡೆಸ್ಕ್ ಕೆಲಸ ಖಚಿತ, ಮೊದಲು ಠೇವಣಿ ಕಟ್ಟಿ’ ಎಂದು ಮೆಸೇಜ್ ಬಂದಿದೆ. ಕಟ್ಟಲೇ?

ಉತ್ತರ: ಬೇಡ. ಹೋಟೆಲ್ ಕೆಲಸಗಾರರಿಗಾಗಿಯೇ 1991ರಲ್ಲಿ ಬಂದ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, ಅದು ಕೆಲಸವನ್ನು ಹಣಕ್ಕೆ ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸುತ್ತದೆ. ಮೆಸೇಜಿನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಹೋಟೆಲ್‌ನ ಮುಖ್ಯ ನಂಬರನ್ನು ನೀವೇ ಹುಡುಕಿ, ಸಿಬ್ಬಂದಿ ನೇಮಕ ನೋಡಿಕೊಳ್ಳುವವರಿಗೆ ಲೈನ್ ಕೊಡಿ ಎಂದು ಕೇಳಿ. ಅಂಥ ಹುದ್ದೆ ಖಾಲಿ ಇದ್ದರೆ ಅವರೇ ಹೇಳುತ್ತಾರೆ, ಅರ್ಜಿಯನ್ನು ನೇರವಾಗಿ ಅವರಿಗೇ ಕೊಡಿ.