ಓದುಗರ ಪ್ರಶ್ನೆ, ನಮ್ಮ ಉತ್ತರ: ಅಲ್ಪ ಬಂಡವಾಳದ ‘ಹ್ಯಾಲೋವೀನ್’ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ?

ಪ್ರಶ್ನೆ: ಮಾನ್ಯರೇ, 1978ರ ಅಮೆರಿಕನ್ ಚಿತ್ರ ‘ಹ್ಯಾಲೋವೀನ್’ ಅನ್ನು ಇತ್ತೀಚೆಗೆ ಮೊದಲ ಬಾರಿ ನೋಡಿದೆ. ಮುಖವಾಡ ತೊಟ್ಟ ಕೊಲೆಗಾರ ಚೂರಿ ಹಿಡಿದು ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗುವ ಸ್ಲ್ಯಾಷರ್ ಚಿತ್ರಗಳಿಗೆಲ್ಲ ಇದೇ ಮಾದರಿ ಎಂದು ಓದಿದ್ದೆ. ಆದರೆ ಅರ್ಧ ಚಿತ್ರ ಕಳೆದರೂ ಏನೂ ನಡೆಯುತ್ತಿಲ್ಲ ಎನ್ನಿಸಿತು. ರಕ್ತವೂ ಹೆಚ್ಚು ಕಾಣಿಸಲಿಲ್ಲ. ಕಡಿಮೆ ಹಣದಲ್ಲಿ ತೆಗೆದದ್ದು ಎಂಬ ಕಾರಣಕ್ಕೆ ವಿಮರ್ಶಕರು ಇದಕ್ಕೆ ರಿಯಾಯಿತಿ ತೋರಿಸುತ್ತಿದ್ದಾರೆಯೇ? (ಪದವಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ರಿಯಾಯಿತಿ ತೋರಿಸಬೇಕಾದ ಅಗತ್ಯ ಈ ಚಿತ್ರಕ್ಕಿಲ್ಲ. ಹಾಗೆಂದು ಇದರಲ್ಲಿ ದೋಷಗಳೇ ಇಲ್ಲವೆಂದೂ ಅಲ್ಲ. ಹಣದ ಕೊರತೆಯಿಂದ ಆದ ದೋಷಗಳು ಬೇರೆ, ಹಣಕ್ಕೆ ಸಂಬಂಧವೇ ಇಲ್ಲದ ದೋಷಗಳು ಬೇರೆ. ಮೊದಲನೆಯವನ್ನು ಸುಲಭವಾಗಿ ಕ್ಷಮಿಸಬಹುದು. ಎರಡನೆಯವನ್ನು ಕ್ಷಮಿಸಬಾರದು ಎಂಬುದು ನನ್ನ ಅಭಿಪ್ರಾಯ.

ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1963ರ ಹ್ಯಾಲೋವೀನ್ ಹಬ್ಬದ ರಾತ್ರಿ, ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಎಂಬ ಕಾಲ್ಪನಿಕ ಊರಿನಲ್ಲಿ ಆರು ವರ್ಷದ ಮೈಕೆಲ್ ಮೈಯರ್ಸ್ ತನ್ನ ಅಕ್ಕನನ್ನು ಇರಿದು ಕೊಲ್ಲುತ್ತಾನೆ. ಹದಿನೈದು ವರ್ಷಗಳ ಬಳಿಕ ಮಾನಸಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಅದೇ ಊರಿಗೆ ಮರಳುತ್ತಾನೆ. ಅಂದು ರಾತ್ರಿ ಪಕ್ಕದ ಮನೆಗಳ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಲಾರಿ ಮತ್ತು ಅವಳ ಗೆಳತಿಯರು ಅವನ ಕಣ್ಣಿಗೆ ಬೀಳುತ್ತಾರೆ. ಅವನಿಗೆ ಚಿಕಿತ್ಸೆ ನೀಡಿದ್ದ ವೈದ್ಯ ಲೂಮಿಸ್ ಅವನನ್ನು ಹುಡುಕಿಕೊಂಡು ಬರುತ್ತಾನೆ. ಕಥೆ ಇಷ್ಟೇ.

ನಿರ್ದೇಶಕ ಜಾನ್ ಕಾರ್ಪೆಂಟರ್ ಮತ್ತು ನಿರ್ಮಾಪಕಿ ಡೆಬ್ರಾ ಹಿಲ್ ಇದನ್ನು ಸುಮಾರು 3 ಲಕ್ಷ ಡಾಲರ್ ವೆಚ್ಚದಲ್ಲಿ, ಸುಮಾರು ಮೂರು ವಾರಗಳ ಚಿತ್ರೀಕರಣದಲ್ಲಿ ಮುಗಿಸಿದರು. ಕೊಲೆಗಾರನ ಮುಖವಾಡ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಪಾತ್ರದ್ದು; ವೇಷಭೂಷಣದ ಅಂಗಡಿಯಲ್ಲಿ ಎರಡು ಡಾಲರಿಗೂ ಕಡಿಮೆ ಬೆಲೆಗೆ ಕೊಂಡ ಅದಕ್ಕೆ ಬಿಳಿ ಬಣ್ಣ ಬಳಿದು, ಕಣ್ಣಿನ ತೂತುಗಳನ್ನು ದೊಡ್ಡದು ಮಾಡಲಾಯಿತು. ಕಥೆ ನಡೆಯುವುದು ಅಕ್ಟೋಬರ್ ಕೊನೆಯಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಆದ್ದರಿಂದ ಶರತ್ಕಾಲದ ಎಲೆಗಳನ್ನು ಬಣ್ಣ ಬಳಿದು ತಯಾರಿಸಿ, ಒಂದು ದೃಶ್ಯ ಮುಗಿದ ಕೂಡಲೇ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ದೃಶ್ಯಕ್ಕೆ ಮತ್ತೆ ಹರಡುತ್ತಿದ್ದರು.

ಆದರೆ ಇಷ್ಟೆಲ್ಲ ಉಳಿತಾಯ ಮಾಡಿದ ತಂಡ ಒಂದು ಕಡೆ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಇದ್ದ ಹಣದ ಗಣನೀಯ ಪಾಲು ಅಗಲ ತೆರೆಯ ಪ್ಯಾನಾವಿಷನ್ ಕ್ಯಾಮೆರಾಕ್ಕೂ, ಮೈಗೆ ಕಟ್ಟಿಕೊಂಡು ನಡೆದರೂ ಚಿತ್ರ ಅಲುಗದಂತೆ ತೆಗೆಯಬಲ್ಲ ಪ್ಯಾನಾಗ್ಲೈಡ್ ಉಪಕರಣಕ್ಕೂ ಹೋಯಿತು. ಛಾಯಾಗ್ರಾಹಕ ಡೀನ್ ಕಂಡಿ ಆ ಅಗಲ ಚೌಕಟ್ಟನ್ನು ಬಳಸಿದ ರೀತಿಯಲ್ಲೇ ಚಿತ್ರದ ಅರ್ಧದಷ್ಟು ಭಯ ಅಡಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ನಿಮಗೆ ‘ಏನೂ ನಡೆಯುತ್ತಿಲ್ಲ’ ಎನ್ನಿಸಿದ ಮೊದಲರ್ಧವನ್ನೇ ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಹಾಡಹಗಲಿನಲ್ಲಿ ತರಗತಿಯ ಕಿಟಕಿಯಾಚೆ ಅವನು ನಿಂತಿರುತ್ತಾನೆ, ರಸ್ತೆಬದಿಯ ಬೇಲಿಗಿಡದ ಪಕ್ಕದಲ್ಲಿ ನಿಂತಿರುತ್ತಾನೆ, ಹಿತ್ತಲಲ್ಲಿ ಬಟ್ಟೆ ಒಣಹಾಕಿದ ಹಗ್ಗಗಳ ನಡುವೆ ನಿಂತಿರುತ್ತಾನೆ; ಲಾರಿ ಕಣ್ಣು ತಿರುಗಿಸಿ ಮತ್ತೆ ನೋಡುವಷ್ಟರಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಇದಕ್ಕೆ ಖರ್ಚಾದದ್ದು ಒಬ್ಬ ನಟ ಮತ್ತು ಒಂದು ಹಗಲು. ಆದರೆ ಇದಾದ ಮೇಲೆ ಪ್ರೇಕ್ಷಕನು ಪ್ರತಿ ಚೌಕಟ್ಟಿನ ಅಂಚನ್ನೂ ಹುಡುಕತೊಡಗುತ್ತಾನೆ. ಖಾಲಿ ಇರುವ ಜಾಗವೇ ಅವನನ್ನು ಹೆದರಿಸತೊಡಗುತ್ತದೆ. ಕೊನೆಯ ಭಾಗದಲ್ಲಿ ಲಾರಿ ಕತ್ತಲೆಯ ಬಾಗಿಲಿನ ಪಕ್ಕದಲ್ಲಿ ಅಳುತ್ತಾ ನಿಂತಿರುವಾಗ, ಅವಳ ಹಿಂದಿನ ಕಪ್ಪಿನೊಳಗಿಂದ ಆ ಬಿಳಿ ಮುಖ ಮೆಲ್ಲಮೆಲ್ಲನೆ ಮೂಡಿಬರುತ್ತದೆ. ಕಂಡಿ ಅಲ್ಲಿ ಮಾಡಿದ್ದು ಒಂದೇ ಒಂದು ದೀಪವನ್ನು ನಿಧಾನವಾಗಿ ಏರಿಸಿದ್ದು. ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಹೇಗೆ ಕಾಣತೊಡಗುತ್ತದೆಯೋ ಹಾಗೆಯೇ ಅವನು ಕಾಣತೊಡಗುತ್ತಾನೆ. ಅಂದರೆ ಅವನು ಬಂದದ್ದಲ್ಲ, ಮೊದಲಿನಿಂದಲೂ ಅಲ್ಲೇ ಇದ್ದ. ಎಷ್ಟೇ ದೊಡ್ಡ ಬಜೆಟ್ಟಿನ ಭಯಾನಕ ಚಿತ್ರವನ್ನು ಮುಂದಿಟ್ಟರೂ ಈ ಕ್ಷಣವನ್ನು ನಾನು ಬಿಟ್ಟುಕೊಡಲಾರೆ.

ಸಂಗೀತದ ಬಗ್ಗೆಯೂ ಹೇಳಲೇಬೇಕು. ಸಂಗೀತ ಸಂಯೋಜಕರನ್ನು ನೇಮಿಸಲು ಹಣವಿಲ್ಲದ್ದರಿಂದ ಕಾರ್ಪೆಂಟರ್ ತಾವೇ ಅದನ್ನು ಕೆಲವೇ ದಿನಗಳಲ್ಲಿ ರಚಿಸಿದರು. ಐದೈದು ಎಣಿಕೆಯ ಲಯದಲ್ಲಿ ಪಿಯಾನೋದ ಕೆಲವೇ ಸ್ವರಗಳು ಮರುಕಳಿಸುತ್ತಲೇ ಇರುತ್ತವೆ. ನಾಲ್ಕರ ನಡೆಗೆ ಒಗ್ಗಿದ ಕಿವಿಗೆ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ತಪ್ಪಿದಂತೆ ಕೇಳಿಸುತ್ತದೆ. ಸಂಗೀತ ಸೇರಿಸುವ ಮುನ್ನ ಚಿತ್ರ ನೋಡಿದ ಸ್ಟುಡಿಯೋ ಅಧಿಕಾರಿಯೊಬ್ಬರಿಗೆ ಸ್ವಲ್ಪವೂ ಭಯವಾಗಲಿಲ್ಲವೆಂದು ಕಾರ್ಪೆಂಟರ್ ಅವರೇ ಹೇಳಿಕೊಂಡಿದ್ದಾರೆ. ಇದು ಸಂಗೀತದ ಹೆಗ್ಗಳಿಕೆ ಮಾತ್ರವಲ್ಲ, ಚಿತ್ರ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿದೆ ಎಂಬುದಕ್ಕೂ ಸಾಕ್ಷಿ.

ಪ್ರಶ್ನೆ: ಹಾಗಾದರೆ ದೋಷಗಳು ಯಾವುವು? ಇಲಿನಾಯ್‌ನಲ್ಲಿ ತಾಳೆಮರಗಳು ಕಾಣಿಸುವುದನ್ನು ನನ್ನ ಮಗ ಮೊದಲ ನೋಟದಲ್ಲೇ ಹಿಡಿದ. (ಓದುಗರು, ಧಾರವಾಡ)

ಉತ್ತರ: ನಿಮ್ಮ ಮಗನ ಕಣ್ಣು ಚುರುಕಾಗಿದೆ. ಲಾಸ್ ಏಂಜಲೀಸ್ ಬಳಿಯ ಸೌತ್ ಪ್ಯಾಸಡೀನಾ ಮತ್ತು ಹಾಲಿವುಡ್ಡಿನ ಬೀದಿಗಳಲ್ಲಿ ತೆಗೆದದ್ದರಿಂದ ತಾಳೆಮರಗಳೂ, ಕ್ಯಾಲಿಫೋರ್ನಿಯಾದ ಕಾರುಗಳ ನಂಬರ್ ಪ್ಲೇಟುಗಳೂ ಅಲ್ಲಲ್ಲಿ ಉಳಿದುಬಿಟ್ಟಿವೆ. ಎಲೆ ಉದುರುವ ಕಾಲದಲ್ಲಿ ಮರಗಳು ಹಸಿರಾಗಿಯೇ ಇವೆ. ಇವು ಹಣ ಮತ್ತು ಸಮಯದ ಕೊರತೆಯ ಗುರುತುಗಳು, ಕಥೆಗೆ ಇವುಗಳಿಂದ ಹಾನಿಯಿಲ್ಲ.

ಹಾನಿ ಮಾಡುವ ದೋಷಗಳು ಬರವಣಿಗೆಯಲ್ಲಿವೆ. ಆರನೇ ವಯಸ್ಸಿನಿಂದ ಆಸ್ಪತ್ರೆಯಲ್ಲೇ ಬೆಳೆದವನು ಕಾರು ಓಡಿಸಲು ಕಲಿತದ್ದೆಲ್ಲಿ ಎಂಬ ಪ್ರಶ್ನೆಯನ್ನು ಚಿತ್ರವೇ ಎತ್ತಿ, ಲೂಮಿಸ್ ಬಾಯಲ್ಲಿ ಒಂದು ಕುಟುಕು ಮಾತು ಹೇಳಿಸಿ ಕೈ ತೊಳೆದುಕೊಳ್ಳುತ್ತದೆ. ಲೂಮಿಸ್ ಮೈಕೆಲ್‌ನ ಹಳೆಯ ಮನೆಯ ಬಳಿ ಗಂಟೆಗಟ್ಟಲೆ ಕಾದು ನಿಂತಿದ್ದರೂ, ತಾನು ಹುಡುಕುತ್ತಿರುವ ಕದ್ದ ಕಾರು ಹತ್ತಿರದಲ್ಲೇ ನಿಂತಿರುವುದನ್ನು ಕಥೆಗೆ ಬೇಕಾದ ಗಳಿಗೆಯವರೆಗೂ ಗಮನಿಸುವುದಿಲ್ಲ. ಲಾರಿಯಂತೂ ಕೊಲೆಗಾರ ಬಿದ್ದಾಗಲೆಲ್ಲ ಕೈಗೆ ಸಿಕ್ಕ ಚೂರಿಯನ್ನು ಅವನ ಪಕ್ಕದಲ್ಲೇ ಬಿಟ್ಟು ಹೋಗುತ್ತಾಳೆ, ಅದೂ ಎರಡು ಬಾರಿ. ಮೊದಲ ಸಲ ಆಘಾತದಿಂದ ಹಾಗೆ ಮಾಡಿದಳೆಂದು ಒಪ್ಪಬಹುದು. ಎರಡನೆಯ ಸಲ ಅದು ಲಾರಿಯ ಆಯ್ಕೆಯಾಗಿ ಉಳಿಯದೆ, ಕಥೆ ಮುಂದುವರಿಯಬೇಕೆಂಬ ಲೇಖಕರ ಅವಸರವಾಗಿ ಕಾಣುತ್ತದೆ. ಅಲ್ಲಿಯವರೆಗೆ ಅವಳನ್ನು ಅಷ್ಟು ಜಾಣೆಯಾಗಿ ಕಟ್ಟಿದ ಚಿತ್ರ ಅವಳಿಗೇ ಇಲ್ಲಿ ಅನ್ಯಾಯ ಮಾಡುತ್ತದೆ.

ಇನ್ನೂ ಗಂಭೀರವಾದದ್ದು ವೈದ್ಯನ ಪಾತ್ರ. ಡೊನಾಲ್ಡ್ ಪ್ಲೆಸೆನ್ಸ್ ಐದೇ ದಿನಗಳ ಚಿತ್ರೀಕರಣದಲ್ಲಿ ಆ ಪಾತ್ರಕ್ಕೆ ತೂಕ ತಂದುಕೊಟ್ಟದ್ದು ನಿಜ. ಆದರೆ ಅವರ ಮಾತುಗಳೆಲ್ಲ ಒಂದೇ ವಿಷಯವನ್ನು ಸಾರುತ್ತವೆ: ಈ ಹುಡುಗ ರೋಗಿಯಲ್ಲ, ಕೇಡಿನ ಮೂರ್ತರೂಪ, ಅವನನ್ನು ಎಂದೂ ಹೊರಗೆ ಬಿಡಬಾರದು. ಮಾನಸಿಕ ಆಸ್ಪತ್ರೆಯಲ್ಲಿರುವವರೆಂದರೆ ಅಪಾಯಕಾರಿಗಳು ಎಂಬ ಭಾವನೆಯನ್ನು ಜನಪ್ರಿಯ ಸಿನಿಮಾ ಬಹಳ ಹಿಂದಿನಿಂದ ಬೆಳೆಸಿಕೊಂಡು ಬಂದಿದೆ. ಈ ಚಿತ್ರ ವೈದ್ಯನ ಬಾಯಿಂದಲೇ ಅದಕ್ಕೆ ಮುದ್ರೆ ಒತ್ತಿಸಿತು. ಕ್ಯಾಮೆರಾ ಮೌನವಾಗಿ ಸಾಧಿಸಿದ ನಿಗೂಢತೆಯನ್ನು ಈ ಮಾತುಗಳು ವಿವರಿಸಲು ಹೋಗಿ ಕುಗ್ಗಿಸುತ್ತವೆ ಎಂಬುದು ಕಲೆಯ ದೃಷ್ಟಿಯಿಂದಲೂ ನಷ್ಟವೇ. ಒಳ್ಳೆಯ ಸಂಭಾಷಣೆ ಬರೆಯಲು ಹೆಚ್ಚು ಹಣ ಬೇಕಾಗುವುದಿಲ್ಲವಾದ್ದರಿಂದ ಇಲ್ಲಿ ಬಜೆಟ್ಟನ್ನು ನೆಪ ಮಾಡಲು ಬರುವುದಿಲ್ಲ.

ಪ್ರಶ್ನೆ: ಗೆಳೆಯರೊಂದಿಗೆ ಸಲುಗೆಯಿಂದಿರುವ ಹುಡುಗಿಯರು ಸಾಯುತ್ತಾರೆ, ಸಂಕೋಚದ ಹುಡುಗಿ ಬದುಕುತ್ತಾಳೆ. ಇದು ಹೆಣ್ಣುಮಕ್ಕಳಿಗೆ ಪಾಠ ಹೇಳುವ ಚಿತ್ರವಲ್ಲವೇ? ಇಂಥದ್ದನ್ನು ಹೊಗಳುವುದು ಹೇಗೆ? (ಉಪನ್ಯಾಸಕಿ, ಉಡುಪಿ)

ಉತ್ತರ: ಈ ಆಕ್ಷೇಪ ನ್ಯಾಯವಾದದ್ದು, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲಾರಿಯ ಗೆಳತಿಯರಾದ ಆನಿ ಮತ್ತು ಲಿಂಡಾ ಪಾತ್ರಗಳು ತೀರಾ ತೆಳು. ಹರಟೆ, ಫೋನ್, ಗೆಳೆಯ ಇವುಗಳಾಚೆ ಅವರಿಗೆ ಬದುಕೇ ಇಲ್ಲ. ಲಿಂಡಾಳ ಸಾವನ್ನು ಚಿತ್ರ ಅವಳ ಅರೆನಗ್ನತೆಯ ಬೆನ್ನಿಗೇ ಇಟ್ಟಿದೆ. ಉದ್ದೇಶ ಏನೇ ಇರಲಿ, ತೆರೆಯ ಮೇಲೆ ಅದು ಶಿಕ್ಷೆಯಂತೆ ಕಾಣುತ್ತದೆ.

ಕಾರ್ಪೆಂಟರ್ ಇದನ್ನು ಒಪ್ಪಿಲ್ಲ. ಉಳಿದವರು ತಮ್ಮ ಗೆಳೆಯರಲ್ಲಿ ಮಗ್ನರಾಗಿರುವುದರಿಂದ ಅಪಾಯ ಅವರ ಗಮನಕ್ಕೆ ಬರುವುದಿಲ್ಲ, ಲಾರಿ ಒಂಟಿಯಾದ್ದರಿಂದ ಸುತ್ತ ನೋಡುತ್ತಾಳೆ ಎಂಬುದು ಅವರ ಸಮಜಾಯಿಷಿ. ಅದನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೂ ಚಿತ್ರದೊಳಗೆ ಅದಕ್ಕೆ ಆಧಾರವಿದೆ: ಹಗಲಿನಲ್ಲಿ ಅವನನ್ನು ಮತ್ತೆ ಮತ್ತೆ ಕಾಣುವವಳು, ಇಲ್ಲೇನೋ ಸರಿಯಿಲ್ಲ ಎಂದು ಅಳುಕುವವಳು ಲಾರಿ ಮಾತ್ರ. ಅವಳು ಪುರಾಣದ ಸಾಧ್ವಿಯೂ ಅಲ್ಲ. ಗೆಳತಿಯ ಕಾರಿನಲ್ಲಿ ಕುಳಿತು ಗಾಂಜಾ ಸೇದುತ್ತಾಳೆ, ಒಬ್ಬ ಹುಡುಗನ ಮೇಲೆ ಮನಸ್ಸಿಟ್ಟಿದ್ದಾಳೆ.

ಅಮೆರಿಕದ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಪ್ರಕಟಿಸಿದ ಪ್ರಬಂಧ ಈ ಚರ್ಚೆಗೆ ಹೊಸ ದಾರಿ ತೆರೆಯಿತು. ಇಂಥ ಚಿತ್ರಗಳನ್ನು ನೋಡುವ ತರುಣರು ಕೊಲೆಗಾರನ ಪಕ್ಷ ವಹಿಸುತ್ತಾರೆಂಬ ಸಾಮಾನ್ಯ ಊಹೆಯನ್ನು ಪ್ರಶ್ನಿಸಿ, ಚಿತ್ರ ಮುಗಿಯುವ ಹೊತ್ತಿಗೆ ಅವರು ಕೊನೆಗೆ ಉಳಿಯುವ ಹುಡುಗಿಯ ಜೊತೆ ನಿಂತು ಅವಳ ಭಯವನ್ನೂ ಹೋರಾಟವನ್ನೂ ಅನುಭವಿಸುತ್ತಾರೆ ಎಂದು ಅವರು ವಾದಿಸಿದರು. ‘ಹ್ಯಾಲೋವೀನ್’ನ ರಚನೆಯೇ ಹಾಗಿದೆ. ಮೊದಲ ದೃಶ್ಯದಲ್ಲಿ ನಾವು ಕೊಲೆಗಾರನ ಕಣ್ಣಿನಿಂದಲೇ ಮನೆಯೊಳಗೆ ನಡೆಯುತ್ತೇವೆ, ಮುಖವಾಡದ ಎರಡು ತೂತುಗಳಿಂದ ಕೊಲೆಯನ್ನು ನೋಡುತ್ತೇವೆ; ಹೊರಗೆ ಬಂದು ಮುಖವಾಡ ತೆಗೆದಾಗ ಅಲ್ಲಿರುವುದು ಒಂದು ಮಗು ಎಂದು ತಿಳಿದು ನಾಚಿಕೆ ಪಡುತ್ತೇವೆ. ಕೊನೆಯ ಭಾಗದಲ್ಲಿ ಬಟ್ಟೆಯ ಬೀರುವಿನೊಳಗೆ ಮುದುಡಿ ಕುಳಿತ ಲಾರಿಯ ಜೊತೆ ನಾವೂ ಒಳಗಿದ್ದೇವೆ, ಬಾಗಿಲು ಒಡೆಯುತ್ತಿರುವವನು ಹೊರಗಿದ್ದಾನೆ. ಹತ್ತೊಂಬತ್ತರ ಹರೆಯದ ಜೇಮಿ ಲೀ ಕರ್ಟಿಸ್ ತನ್ನ ಮೊದಲ ಚಲನಚಿತ್ರದಲ್ಲೇ ಆ ಬಿಕ್ಕಳಿಕೆಯನ್ನು, ತಂತಿಯ ಹ್ಯಾಂಗರನ್ನು ನಡುಗುವ ಕೈಯಲ್ಲಿ ಆಯುಧವಾಗಿಸುವ ಆ ಛಲವನ್ನು ಎಷ್ಟು ನಿಜವಾಗಿಸಿದ್ದಾರೆಂದರೆ, ತೆಳುವಾದ ಬರವಣಿಗೆಯ ಎಷ್ಟೋ ಕೊರತೆ ಅವರ ಮುಖದಲ್ಲೇ ತುಂಬಿಹೋಗುತ್ತದೆ. ಗೆಳತಿಯರ ಪಾತ್ರಗಳಿಗೆ ಆ ಭಾಗ್ಯ ಸಿಗಲಿಲ್ಲ. ಆದ್ದರಿಂದ ನನ್ನ ಮೆಚ್ಚುಗೆಯೂ ನಿಮ್ಮ ಆಕ್ಷೇಪವೂ ಒಟ್ಟಿಗೇ ನಿಲ್ಲಬಲ್ಲವು.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಕಡಿಮೆ ಖರ್ಚಿನಲ್ಲಿ ಕನ್ನಡದಲ್ಲೊಂದು ಭಯಾನಕ ಚಿತ್ರ ಮಾಡಬೇಕೆಂದಿದ್ದೇವೆ. ಇದರಿಂದ ಏನನ್ನು ಕಲಿಯಬಹುದು? (ಓದುಗರು, ತುಮಕೂರು)

ಉತ್ತರ: ಇದನ್ನು ಅನುಕರಿಸಿದವರು ಏನನ್ನು ಕಲಿಯಲಿಲ್ಲ ಎಂಬುದನ್ನು ಮೊದಲು ನೋಡಿ. ಚಿತ್ರ ಅಮೆರಿಕವೊಂದರಲ್ಲೇ ಸುಮಾರು 4.7 ಕೋಟಿ ಡಾಲರ್ ಗಳಿಸಿದ ಮೇಲೆ 1980ರ ‘ಫ್ರೈಡೇ ದ ಥರ್ಟೀಂತ್’ನಿಂದ ಆರಂಭಿಸಿ ಅದೇ ಬಗೆಯ ಚಿತ್ರಗಳು ಸಾಲುಗಟ್ಟಿ ಬಂದವು. ಅವುಗಳಲ್ಲಿ ಹೆಚ್ಚಿನವು ಮುಖವಾಡ, ಚೂರಿ, ಹಬ್ಬದ ದಿನ ಇವನ್ನು ಎತ್ತಿಕೊಂಡು, ಕಾಯಿಸುವ ಕಲೆಯನ್ನು ಬಿಟ್ಟವು. ಆ ಖಾಲಿ ಜಾಗವನ್ನು ರಕ್ತದಿಂದ ತುಂಬಿದವು. 1981ರ ಎರಡನೆಯ ಭಾಗವಂತೂ ಲಾರಿ ಕೊಲೆಗಾರನ ತಂಗಿ ಎಂದು ಕಾರಣ ಒದಗಿಸಿ, ಕಾರಣವಿಲ್ಲದಿದ್ದುದರಿಂದಲೇ ಹುಟ್ಟಿದ್ದ ಭಯವನ್ನು ಕಳೆದುಹಾಕಿತು.

ನೀವು ಪ್ರಾಯೋಗಿಕವಾಗಿ ಗಮನಿಸಬೇಕಾದದ್ದು ಹಣ ಎಲ್ಲಿ ಹಾಕಬೇಕು ಎಂಬ ತೀರ್ಮಾನವನ್ನು. ಮೈಯರ್ಸ್ ಮನೆಗಾಗಿ ತಂಡ ಒಂದು ಪಾಳುಬಿದ್ದ ಮನೆಯನ್ನು ಹುಡುಕಿತು. ಮೊದಲು ಅದರ ಪಾಳು ರೂಪವನ್ನೇ ಚಿತ್ರೀಕರಿಸಿ, ಬಳಿಕ ಬಣ್ಣ ಬಳಿದು ಸಜ್ಜುಗೊಳಿಸಿ, 1963ರ ಆರಂಭದ ದೃಶ್ಯವನ್ನು ಕಟ್ಟಕಡೆಗೆ ತೆಗೆಯಿತು. ಆ ದೃಶ್ಯದಲ್ಲಿ ಕಾಣುವ ಮಗುವಿನ ಕೈ ನಿರ್ಮಾಪಕಿ ಡೆಬ್ರಾ ಹಿಲ್ ಅವರದೇ. ಕೊನೆಯಲ್ಲಿ ಗುಂಡು ತಿಂದು ಬಿದ್ದ ಕೊಲೆಗಾರ ಮಾಯವಾದ ಮೇಲೆ, ನಾವು ಆಗಲೇ ನೋಡಿದ ಖಾಲಿ ಕೋಣೆಗಳನ್ನೂ ಮೆಟ್ಟಿಲುಗಳನ್ನೂ ಮನೆಗಳನ್ನೂ ಒಂದೊಂದಾಗಿ ತೋರಿಸುತ್ತಾ, ಹಿನ್ನೆಲೆಯಲ್ಲಿ ಅವನ ಉಸಿರನ್ನು ಕೇಳಿಸುತ್ತಾರೆ. ಒಂದು ರೂಪಾಯಿಯ ಹೊಸ ಖರ್ಚಿಲ್ಲದೆ ಇಡೀ ಊರೇ ಅಪಾಯದ ಜಾಗವಾಗಿಬಿಡುತ್ತದೆ.

ಅದೇ 1978ರಲ್ಲಿ ನಮ್ಮಲ್ಲಿ ಕಾಶೀನಾಥ್ ಅವರ ‘ಅಪರಿಚಿತ’ ಬಂದಿತ್ತು. ಅದು ಸ್ಲ್ಯಾಷರ್ ಅಲ್ಲ, ಕುತೂಹಲದ ಮೇಲೆ ನಿಂತ ಕಥೆ. ಆದರೂ ದೊಡ್ಡ ತಾರೆಯರಿಗಿಂತ ಕಥೆಯ ಕಟ್ಟನ್ನು ನಂಬಿದ ಕನ್ನಡ ಚಿತ್ರವೊಂದು ಪ್ರೇಕ್ಷಕರನ್ನು ಹೇಗೆ ಹಿಡಿದಿಡುತ್ತದೆ ಎಂದು ತಿಳಿಯಲು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ಮಕ್ಕಳೊಂದಿಗೆ ನೋಡಬಹುದೇ? (ಗೃಹಿಣಿ, ಹಾಸನ)

ಉತ್ತರ: ಬೇಡ. ರಕ್ತ ಕಡಿಮೆ ಇದ್ದರೂ ಕೊಲೆ, ನಗ್ನತೆ ಎರಡೂ ಇವೆ. ಮಗುವೇ ಕೊಲೆ ಮಾಡುವ ಮೊದಲ ದೃಶ್ಯ ಚಿಕ್ಕವರನ್ನು ಬಹಳ ದಿನ ಕಾಡೀತು. ದೊಡ್ಡವರು ನೋಡುವಾಗ ಮೂಲದ ಅಗಲ ಚೌಕಟ್ಟಿನ ಪ್ರತಿಯನ್ನೇ ಆರಿಸಿಕೊಳ್ಳಿ. ಟಿವಿಯ ಹಳೆಯ ಆಕಾರಕ್ಕೆ ಎರಡೂ ಬದಿ ಕತ್ತರಿಸಿದ ಪ್ರತಿಗಳಲ್ಲಿ ಚೌಕಟ್ಟಿನ ಅಂಚುಗಳೇ ಇಲ್ಲವಾಗುತ್ತವೆ, ಮೈಕೆಲ್ ಎಷ್ಟೋ ಸಲ ನಿಂತಿರುವುದು ಆ ಅಂಚಿನಲ್ಲೇ.