ಪತ್ತನಾಜೆಗೆ ಮುಂಚೆ ಬನ್ನಿ, ಮಧ್ಯಾಹ್ನ ಮಲಗಿ

ಮೇ ತಿಂಗಳ ರಜೆಯಲ್ಲಿ ಐದು ದಿನ ಮಂಗಳೂರು, ಉಡುಪಿ, ಕುಂದಾಪುರದ ಕಡೆ ಬರುತ್ತಿದ್ದೇವೆ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಮತ್ತು ಎಂಟು ವರ್ಷದ ಮಗಳು ಇರುತ್ತಾರೆ ಎಂದು ಬರೆದಿದ್ದೀರಿ. ಆ ಹೊತ್ತಿಗೆ ನಾಟಕೋತ್ಸವವೋ ಕಲಾ ಉತ್ಸವವೋ ಇರುತ್ತದೆಯೇ, ಟಿಕೆಟ್ ಎಲ್ಲಿ ಸಿಗುತ್ತದೆ ಎಂದೂ ಕೇಳಿದ್ದೀರಿ. ತಾರೀಕು ಮಾತ್ರ ಬರೆದಿಲ್ಲ. ಮಿಕ್ಕ ಎಲ್ಲ ಮಾತೂ ನಿಂತಿರುವುದು ಅದರ ಮೇಲೆ.

ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಮೇ 24 ಅಥವಾ 25ಕ್ಕೆ ಬೀಳುತ್ತದೆ. ಅಂದು ತೆಂಕಿನ, ಎಂದರೆ ದಕ್ಷಿಣದ ಕಡೆಯ ಯಕ್ಷಗಾನ ಮೇಳಗಳು (ತಂಡಗಳು) ಗೆಜ್ಜೆ ಬಿಚ್ಚುತ್ತವೆ, ಜಾತ್ರೆಗಳಿಗೂ ದೈವಗಳ ಕೋಲ, ನೇಮಗಳಿಗೂ ತೆರೆ ಬೀಳುತ್ತದೆ. ಬಡಗಿನ, ಎಂದರೆ ಉತ್ತರದ ಕಡೆಯ ಮೇಳಗಳೂ ಮಳೆ ಹಿಡಿಯುವ ಮುನ್ನ ತಿರುಗಾಟ ಮುಗಿಸುತ್ತವೆ. ಯಕ್ಷಗಾನ ಪ್ರದರ್ಶನಕ್ಕೆ ಇಲ್ಲಿ ಆಟ ಎನ್ನುತ್ತಾರೆ. ನನ್ನ ಸ್ನೇಹಿತರೊಬ್ಬರು ಒಮ್ಮೆ ಮೇ 28ಕ್ಕೆ ಬಂದಿಳಿದು, ‘ಎಲ್ಲಿ ನಿಮ್ಮ ಆಟ?’ ಎಂದು ಕೇಳಿದ್ದರು. ಅವರಿಗೆ ನಾನು ತೋರಿಸಲು ಸಾಧ್ಯವಾದದ್ದು ಗದ್ದೆಯಲ್ಲಿ ಉಳಿದಿದ್ದ ಟೆಂಟಿನ ಗೂಟದ ಗುಂಡಿಗಳನ್ನು ಮಾತ್ರ. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ, ರೈಲಿನದ್ದನ್ನು ಹೇಳುತ್ತಿದ್ದೇನೆ, ಮೇ ಮೊದಲ ಎರಡು ವಾರಗಳೊಳಗೆ ದಿನ ಗೊತ್ತು ಮಾಡಿಕೊಳ್ಳಿ.

ನೀವು ಕೇಳಿರುವ ಬಗೆಯ ಉತ್ಸವ, ಎಂದರೆ ದೊಡ್ಡ ವೇದಿಕೆ, ಮುದ್ರಿತ ಕಾರ್ಯಕ್ರಮ ಪಟ್ಟಿ, ಹೊರಗಿನಿಂದ ಬರುವ ತಂಡಗಳು, ಇವೆಲ್ಲ ನಮ್ಮಲ್ಲಿ ಹೆಚ್ಚಾಗಿ ಚಳಿಗಾಲದ ಸರಕು. ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಡಿಸೆಂಬರ್ ಆಸುಪಾಸಿನದು. ಘಟ್ಟದ ಮೇಲಿನ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಹೆಸರು ಕೇಳಿ ಮೇ ತಿಂಗಳಲ್ಲೇ ಹೋಗುವವರಿದ್ದಾರೆ. ಆದರೆ ಅಲ್ಲಿನ ಸಂಸ್ಕೃತಿ ಶಿಬಿರ ನಡೆಯುವುದು ಅಕ್ಟೋಬರ್ ಸುಮಾರಿಗೆ, 1985ರಲ್ಲಿ ಆರಂಭವಾದ ತಿರುಗಾಟದ ನಾಟಕಗಳು ಊರೂರು ಸುತ್ತಲು ಹೊರಡುವುದೂ ಆ ಬಳಿಕವೇ.

ಹಾಗೆಂದು ಬೇಸಗೆ ಬರಿದು ಎಂದುಕೊಳ್ಳಬೇಡಿ. ಉತ್ಸವ ಎಂಬ ಹೆಸರಿಲ್ಲದೆ ಆರು ತಿಂಗಳು ಪ್ರತಿ ರಾತ್ರಿ ನಡೆಯುವ ರಂಗಭೂಮಿ ಇಲ್ಲಿದೆ. ದೀಪಾವಳಿ ಕಳೆದ ಮೇಲೆ ಹೊರಟ ಮೇಳಗಳು ದಿನಕ್ಕೊಂದು ಊರಿನಂತೆ ಆಡುತ್ತಾ ಬಂದು, ನೀವು ಬರುವ ಹೊತ್ತಿಗೆ ತಿರುಗಾಟದ ಕೊನೆಯ ಭಾಗದಲ್ಲಿರುತ್ತವೆ. ಪದ್ಯ ಹಾಡುವ ಭಾಗವತರ ಕಂಠ ಒಂದಿಷ್ಟು ದಣಿದಿರಬಹುದು. ಆದರೆ ಹಾಡುವ, ಬಾರಿಸುವ ಹಿಮ್ಮೇಳಕ್ಕೂ ವೇಷ ಕಟ್ಟಿ ಕುಣಿಯುವ ಮುಮ್ಮೇಳಕ್ಕೂ ಹೊಂದಾಣಿಕೆ ಈಗ ಇದ್ದಷ್ಟು ನವೆಂಬರಿನಲ್ಲಿ ಇರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಟಿಕೆಟ್ ವಿಷಯ. ಕಟೀಲು, ಮಂದಾರ್ತಿ, ಮಾರಣಕಟ್ಟೆ, ಧರ್ಮಸ್ಥಳದಂಥ ಕ್ಷೇತ್ರಗಳ ಮೇಳಗಳು ಆಡುವುದು ಹರಕೆಯ ಆಟ. ಯಾವುದೋ ಮನೆಯವರು ಹೇಳಿಕೊಂಡ ಹರಕೆ ತೀರಿಸಲು ಮೇಳವನ್ನು ಕರೆಸುತ್ತಾರೆ. ಕಟೀಲಿನ ಆಟಕ್ಕೆ ಹೆಸರು ಬರೆಸಿ ವರ್ಷಾನುಗಟ್ಟಲೆ ಕಾಯುವ ಕುಟುಂಬಗಳಿವೆ, ಅದಕ್ಕೇ ಒಂದೇ ಕ್ಷೇತ್ರದ ಹಲವು ಮೇಳಗಳು ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ಆಡುತ್ತಿರುತ್ತವೆ. ನೋಡುವವರು ಹಣ ಕೊಡಬೇಕಾಗಿಲ್ಲ, ಯಾರೂ ಕರೆಯಬೇಕಾಗಿಯೂ ಇಲ್ಲ. ‘ಪರಿಚಯವಿಲ್ಲದವರ ಮನೆಯ ಆಟಕ್ಕೆ ಹೇಗೆ ಹೋಗುವುದು’ ಎಂದು ಘಟ್ಟದ ಮೇಲಿನವರು ಹಿಂಜರಿಯುವುದನ್ನು ನೋಡಿದ್ದೇನೆ. ಬೇಗ ಹೋದರೆ ಆ ಮನೆಯವರೇ ನಿಮ್ಮನ್ನು ಊಟಕ್ಕೆ ಕೂರಿಸುವ ಸಂಭವವೇ ಹೆಚ್ಚು. ಇನ್ನು ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ ಆಟಕ್ಕೆ ಟಿಕೆಟ್ ಉಂಟು, ಅದನ್ನು ಟೆಂಟಿನ ಬಾಗಿಲಲ್ಲೇ ಕೊಡುತ್ತಾರೆ. ಯಾವ ಮೇಳ ಇಂದು ಎಲ್ಲಿ ಎಂಬ ಪಟ್ಟಿ ಕರಾವಳಿಯ ದಿನಪತ್ರಿಕೆಗಳಲ್ಲಿ ಬರುತ್ತದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಅದನ್ನು ನೋಡಿ ರಾತ್ರಿಯದನ್ನು ನಿರ್ಧರಿಸುವುದು ಇಲ್ಲಿನವರ ಕ್ರಮ. ಊರಿನ ಹೆಸರಿನ ಜೊತೆ ತಾಲ್ಲೂಕನ್ನೂ ಓದಿಕೊಳ್ಳಿ. ಒಂದೇ ಹೆಸರಿನ ಎರಡು ಊರುಗಳ ನಡುವೆ ನಾನು ಒಂದು ರಾತ್ರಿ ಮೂವತ್ತು ಕಿಲೋಮೀಟರ್ ಅಲೆದು, ತಲುಪುವಾಗ ಕರ್ಣ ಆಗಲೇ ಸತ್ತಿದ್ದ.

ಉಡುಪಿಯಿಂದ ದಕ್ಷಿಣಕ್ಕೆ ಕಾಸರಗೋಡಿನವರೆಗೆ ತೆಂಕುತಿಟ್ಟು, ಉತ್ತರಕ್ಕೆ ಬಡಗುತಿಟ್ಟು ಎಂದು ಸ್ಥೂಲವಾಗಿ ಇಟ್ಟುಕೊಳ್ಳಿ. ಐದು ದಿನ ಇರುವುದರಿಂದ ಎರಡನ್ನೂ ಒಂದೊಂದು ರಾತ್ರಿ ನೋಡಿ. ತೆಂಕಿನಲ್ಲಿ ಚೆಂಡೆ ದೊಡ್ಡದು, ಭಾಗವತರ ಕೈಯಲ್ಲಿ ಜಾಗಟೆ, ವೇಷಗಳು ಗಿರಗಿರನೆ ಸುತ್ತುತ್ತಾ ಹಾರುವ ದಿಗಿಣ. ನಿಮ್ಮ ಮಗಳಿಗೆ ಇದು ಹಿಡಿಸುತ್ತದೆ. ಬಡಗಿನಲ್ಲಿ ತಲೆಗೆ ಮುಂಡಾಸು, ಕೇದಗೆ ಮುಂದಲೆ, ಮಂಡಿಯ ಮೇಲೆ ಸುತ್ತುವ ಕುಣಿತ, ಪದ್ಯಕ್ಕೆ ಅಭಿನಯಿಸುವ ನಿಧಾನ. ಅಪ್ಪ ಅಮ್ಮನಿಗೆ ಇದು ಒಗ್ಗಬಹುದು. ಎರಡರಲ್ಲೂ ಮಾತು ಬರೆದಿಟ್ಟದ್ದಲ್ಲ. ಪದ್ಯ ಮಾತ್ರ ಪ್ರಸಂಗದ್ದು, ಎಂದರೆ ಆಡುವ ಕಥೆಯ ಕೃತಿಯದ್ದು, ಅರ್ಥವನ್ನು ಕಲಾವಿದ ಅಲ್ಲೇ ಕಟ್ಟುತ್ತಾನೆ. ಮಹಾಭಾರತ ಬಲ್ಲ ಹಿರಿಯರಿಗೆ ಕೃಷ್ಣನಿಗೂ ಕೌರವನಿಗೂ ವಾದ ಬೆಳೆಯುವುದನ್ನು ಕೇಳುವುದೇ ಅರ್ಧ ಸುಖ. ತೆಂಕಿನ ಕೆಲವು ಪ್ರಸಂಗಗಳು ತುಳುವಿನಲ್ಲಿರುತ್ತವೆ, ಭಾಷೆ ಬಾರದಿದ್ದರೆ ಪೌರಾಣಿಕ ಪ್ರಸಂಗವನ್ನೇ ಹುಡುಕಿ.

ಪಟ್ಟಿಯಲ್ಲಿ ದೇವಿ ಮಹಾತ್ಮೆ ಪ್ರಸಂಗ ಕಂಡರೆ ಬೇರೆಲ್ಲ ಬಿಟ್ಟು ಅಲ್ಲಿಗೆ ಹೋಗಿ. ಮಹಿಷಾಸುರ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಸಭೆಯ ಹಿಂದಿನಿಂದ, ದೊಂದಿಯ ಬೆಂಕಿ, ಕೂಗು, ಚೆಂಡೆಯ ನಡುವೆ ಜನರನ್ನು ಸೀಳಿಕೊಂಡು ಬರುತ್ತಾನೆ. ಕೋಡು ಕಟ್ಟಿಕೊಂಡ ಆ ಕರಿಯ ಆಕೃತಿ ನಿಮ್ಮ ಕುರ್ಚಿಯ ಪಕ್ಕದಲ್ಲೇ ಹಾದುಹೋಗುವಾಗ ಇದು ವೇಷ ಎಂಬುದು ದೊಡ್ಡವರಿಗೂ ಅರೆಕ್ಷಣ ಮರೆಯುತ್ತದೆ. ನನ್ನ ತಮ್ಮನ ಮಗ ಐದನೆಯ ವಯಸ್ಸಿನಲ್ಲಿ ನನ್ನ ಅಂಗಿಯೊಳಗೇ ತಲೆ ತೂರಿಸಿಬಿಟ್ಟಿದ್ದ. ಮಗಳಿಗೆ ಮೊದಲೇ ಹೇಳಿಟ್ಟಿರಿ, ದಾರಿಯ ಅಂಚಿನಲ್ಲಿ ಕೂರಿಸಬೇಡಿ.

ಇನ್ನೂ ಒಳ್ಳೆಯದು, ಆಟಕ್ಕೆ ಒಂದೆರಡು ಗಂಟೆ ಮುಂಚೆ ಅವಳನ್ನು ಚೌಕಿಗೆ ಕರೆದುಕೊಂಡು ಹೋಗಿ. ಚೌಕಿಯೆಂದರೆ ಬಣ್ಣ ಹಚ್ಚುವ ಜಾಗ. ಸಾಲಾಗಿ ನೆಲದ ಮೇಲೆ ಕುಳಿತ ಕಲಾವಿದರು, ಒಬ್ಬೊಬ್ಬರ ಮುಂದೆ ಪೆಟ್ಟಿಗೆ, ಕನ್ನಡಿ, ತಮ್ಮ ಮುಖಕ್ಕೆ ತಾವೇ ಬರೆದುಕೊಳ್ಳುತ್ತಿರುತ್ತಾರೆ. ರಾಕ್ಷಸ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ, ಎಂದರೆ ಉಬ್ಬಿದ ಬಿಳಿ ಚುಕ್ಕೆಗಳನ್ನು ಇಡುವುದು ಗಂಟೆಗಟ್ಟಲೆಯ ಕೆಲಸ. ಒಂದು ತುದಿಯಲ್ಲಿ ಮೇಳದ ದೇವರಿಗೆ ಪೂಜೆ ನಡೆಯುವುದರಿಂದ ಚಪ್ಪಲಿ ಹೊರಗೆ ಬಿಡಿ, ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳಿ, ಬೆಳಕಿಗೆ ಅಡ್ಡ ನಿಲ್ಲಬೇಡಿ. ಸೀರೆ ಉಡುತ್ತಿರುವ ಗಂಡಸು ಅರ್ಧ ಗಂಟೆಯ ಬಳಿಕ ದ್ರೌಪದಿಯಾಗಿ ಎದ್ದು ನಿಲ್ಲುವುದನ್ನು ಕಂಡ ಮಗುವಿಗೆ ನಾಟಕವೆಂದರೇನು ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಅನೇಕ ಮೇಳಗಳು ಕಾಲಮಿತಿಗೆ ಬಂದಿವೆ. ಸಂಜೆ ಆರಂಭಿಸಿ ನಡುರಾತ್ರಿಯ ಸುಮಾರಿಗೆ ಮಂಗಳ ಹಾಡುತ್ತವೆ. ಧರ್ಮಸ್ಥಳ ಮೇಳ ಹಾಗಾಗಿ ವರ್ಷಗಳೇ ಕಳೆದವು. ಹಿರಿಯರು, ಮಗು ಜೊತೆಗಿರುವಾಗ ನಿಮಗೆ ಇದೇ ಅನುಕೂಲ. ಬೆಳಗಿನವರೆಗೆ ಆಡುವ ಆಟ ಸಿಕ್ಕಿದರೆ ನೀವೊಬ್ಬರೇ ಆದರೂ ಒಮ್ಮೆ ಕೂತು ನೋಡಿ. ಮೂರು ಗಂಟೆಯ ಹೊತ್ತಿಗೆ ಅರ್ಧ ಸಭೆ ತೂಕಡಿಸುತ್ತಿರುತ್ತದೆ, ಚೆಂಡೆಯ ಪೆಟ್ಟು ಏರುತ್ತಿದ್ದಂತೆ ಒಬ್ಬೊಬ್ಬರೇ ಎದ್ದು ಕೂರುತ್ತಾರೆ. ಇದಕ್ಕೆ ತಯಾರಿ ಎಂದರೆ ಮಧ್ಯಾಹ್ನದ ನಿದ್ದೆ. ಹೇಗೂ ಮೇ ತಿಂಗಳ ಹಗಲಿನಲ್ಲಿ ಇಲ್ಲಿ ಹೊರಗೆ ತಿರುಗುವುದು ಬೆವರಿನಲ್ಲಿ ಮುಳುಗೇಳುವ ಕೆಲಸ. ಕಡಲತೀರಕ್ಕೆ ಬೆಳಗ್ಗೆ, ಊಟ, ನಿದ್ದೆ, ಸಂಜೆ ಚೌಕಿ, ಈ ಕ್ರಮ ನಮ್ಮ ಮನೆಗೆ ಬರುವ ನೆಂಟರಿಗೆಲ್ಲ ಒಗ್ಗಿದೆ.

ಕೋಲ, ನೇಮಗಳ ಬಗ್ಗೆ ಒಂದು ಮಾತು. ಪ್ರವಾಸಿಗರ ಪಟ್ಟಿಗಳಲ್ಲಿ ಇವನ್ನು ‘ಜಾನಪದ ಕಾರ್ಯಕ್ರಮ’ ಎಂದು ಸೇರಿಸುವುದನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ. ಅದು ಪ್ರದರ್ಶನವಲ್ಲ, ದೈವದ ಸೇವೆ. ಊರಿನವರು ಕರೆದರೆ ಹೋಗಿ, ದೂರ ನಿಂತು ಕೈಮುಗಿಯಿರಿ, ಮೊಬೈಲ್ ಕಿಸೆಯಲ್ಲೇ ಇರಲಿ. ಚೆನ್ನಾಗಿತ್ತು ಎಂದು ಚಪ್ಪಾಳೆ ತಟ್ಟುವ ಜಾಗ ಅದಲ್ಲ.

ಕುಂದಾಪುರದವರೆಗೆ ಹೋಗುತ್ತೀರಾದ್ದರಿಂದ ಉಪ್ಪಿನಕುದ್ರುವನ್ನೂ ಸೇರಿಸಿಕೊಳ್ಳಿ. ಕೊಗ್ಗ ಕಾಮತರ ಮನೆತನದ ಯಕ್ಷಗಾನ ಸೂತ್ರದ ಗೊಂಬೆಯಾಟದ ಊರು ಅದು. ಬಡಗುತಿಟ್ಟಿನ ವೇಷ ತೊಟ್ಟ ಗೊಂಬೆಗಳು ದಾರದ ತುದಿಯಲ್ಲಿ ಅದೇ ಹೆಜ್ಜೆ ಹಾಕುತ್ತವೆ. ಗೊಂಬೆಮನೆಯಲ್ಲಿ ಆಟ ಯಾವ ದಿನ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ, ಏಕೆಂದರೆ ಇದು ದಿನವೂ ನಡೆಯುವಂಥದ್ದಲ್ಲ.

ರಜೆ ಮುಂದೆ ಹೋಗಿ ಜೂನ್ ಆಗಿಯೇಬಿಟ್ಟರೆ ತಾಳಮದ್ದಳೆ ಕೇಳಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಲ್ಯದಲ್ಲಿ ಕುಳಿತ ಅರ್ಥಧಾರಿಗಳು ಬರೀ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ಮಗಳಿಗೆ ಬೇಸರವಾಗುತ್ತದೆ, ಅಪ್ಪ ಎದ್ದು ಬರಲು ಒಪ್ಪಲಾರರು.

ಕೊನೆಯದಾಗಿ ಸಾಮಾನು: ಒಂದು ಚಾಪೆ, ಹಿರಿಯರಿಗೆ ಬೆನ್ನಿಗೆ ದಿಂಬು, ಸೊಳ್ಳೆಗೆ ಏನಾದರೊಂದು, ನೀರು. ತಿನ್ನಲು ತರಬೇಡಿ, ಗದ್ದೆಯಂಚಿನಲ್ಲಿ ಚರುಮುರಿ, ಗೋಳಿಬಜೆಯವರು ಇರುತ್ತಾರೆ. ಹೋಗುವಾಗ ಬಸ್ ಸಿಗುತ್ತದೆ, ಆಟ ಮುಗಿದ ಮೇಲೆ ಸಿಗುವುದಿಲ್ಲ. ಬರುವಾಗಲೇ ರಿಕ್ಷಾದವರ ಹತ್ತಿರ ಮಾತಾಡಿಕೊಂಡಿರಿ, ‘ಆಟ ಮುಗಿಯುವವರೆಗೆ ಇರುತ್ತೀರಾ’ ಎಂದು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ಅವರೂ ಆಟ ನೋಡುವವರೇ. ಹೊರಡುವ ಹೊತ್ತಿಗೆ ಅವರನ್ನು ರಿಕ್ಷಾದಲ್ಲಿ ಹುಡುಕಬೇಡಿ, ರಂಗಸ್ಥಳದ ಮುಂದಿನ ಸಾಲಿನಲ್ಲಿ ಹುಡುಕಿ.