ಭದ್ರತಾ ಲೋಪ ಕಂಡರೆ ಯಾರಿಗೆ ಹೇಳಬೇಕು?

ಪ್ರಶ್ನೆ: ತಂತ್ರಾಂಶವೊಂದರಲ್ಲಿ ಭದ್ರತಾ ಲೋಪ ಕಂಡುಬಂದರೆ ಅದನ್ನು ಕೂಡಲೇ ಬಹಿರಂಗಪಡಿಸಬೇಕೇ, ಇಲ್ಲವೇ ತಯಾರಕರಿಗಷ್ಟೇ ತಿಳಿಸಬೇಕೇ?

ಉತ್ತರ: ಮೊದಲು ತಯಾರಕರಿಗೇ ತಿಳಿಸಬೇಕು, ಆದರೆ ಗಡುವು ಹಾಕಿ. ಪರಿಹಾರ ಸಿದ್ಧವಾಗುವ ಮುನ್ನವೇ ವಿವರಗಳನ್ನೆಲ್ಲ ಪ್ರಕಟಿಸಿದರೆ ಕಳ್ಳನಿಗೆ ಕೀಲಿ ಕೊಟ್ಟಂತೆ. ಗುಟ್ಟಾಗಿ ತಿಳಿಸಿ ಸುಮ್ಮನಾದರೆ, ದುರಸ್ತಿಯ ಖರ್ಚು ತನ್ನದು, ನಷ್ಟ ಬಳಕೆದಾರರದು ಎಂದು ಲೆಕ್ಕ ಹಾಕುವ ಕಂಪನಿ ಅದನ್ನು ಮುಂದೂಡುತ್ತಲೇ ಹೋಗಬಹುದು. ತಂತ್ರಾಂಶಗಳ ಭದ್ರತಾ ಲೋಪ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಸಾಮಾನ್ಯವಾಗಿ 90 ದಿನಗಳ ಗಡುವು ಕೊಡುವುದು ಇದೇ ಕಾರಣಕ್ಕೆ. ಆ ಲೋಪ ಆಗಲೇ ದುರ್ಬಳಕೆಯಾಗುತ್ತಿದ್ದರೆ ಅಷ್ಟು ಕಾಯುವುದು ತರವಲ್ಲ.

ಮುಚ್ಚಿಡುವುದರ ಅಪಾಯ 2017ರಲ್ಲಿ ಕಣ್ಣಿಗೆ ರಾಚುವಂತೆ ಬಯಲಾಯಿತು. ವಿಂಡೋಸ್‌ನ ಲೋಪವೊಂದನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತಯಾರಕರಿಗೆ ಹೇಳದೆ ಗೂಢಚರ್ಯೆಗೆಂದು ಬಚ್ಚಿಟ್ಟುಕೊಂಡಿತ್ತು; ಅದನ್ನು ಬಳಸುವ ಸಂಸ್ಥೆಯ ಸಾಧನ ಏಪ್ರಿಲ್‌ನಲ್ಲಿ ಸೋರಿಕೆಯಾಯಿತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತಿದ್ದುಪಡಿ ಬಿಡುಗಡೆ ಮಾಡಿದ್ದರೂ, ಅದನ್ನು ಅಳವಡಿಸಿಕೊಳ್ಳದ ಕಂಪ್ಯೂಟರ್‌ಗಳಿಗೆ ಮೇ ತಿಂಗಳಲ್ಲಿ ಅದೇ ಸಾಧನ ಬಳಸಿ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿ, ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಬೇರೆಡೆಗೆ ಕಳುಹಿಸಬೇಕಾಯಿತು. ಗೂಢಚರ್ಯೆಗೆಂದು ಬಚ್ಚಿಟ್ಟದ್ದರ ಬೆಲೆ ತೆತ್ತವರು ರೋಗಿಗಳು ಎಂಬುದು ನನ್ನ ಮಟ್ಟಿಗೆ ಈ ಚರ್ಚೆಯ ತಿರುಳು.

ಲೋಪ ಕಂಡವರಿಗೂ ಹೊಣೆಯಿದೆ. ಅದು ಇದೆಯೆಂದು ತೋರಿಸಲು ಬೇಕಾದಷ್ಟೇ ಪರೀಕ್ಷಿಸಬೇಕು, ಪರರ ಮಾಹಿತಿಯನ್ನು ನಕಲು ಮಾಡಬಾರದು. ಕಂಪನಿಯೇ ಘೋಷಿಸಿದ ಬಹುಮಾನ ಪಡೆಯುವುದು ನ್ಯಾಯ, ಹಣ ಕೊಡದಿದ್ದರೆ ಪ್ರಕಟಿಸುತ್ತೇನೆ ಎನ್ನುವುದು ಸುಲಿಗೆ. ಪ್ರಾಮಾಣಿಕವಾಗಿ ತಿಳಿಸಿದವರಿಗೆ ವಕೀಲರ ನೋಟಿಸ್ ಕಳುಹಿಸುವ ಕಂಪನಿಗಳೂ ಇರುವುದರಿಂದ (ಇದು ಶುದ್ಧ ಅವಿವೇಕ), ಲೋಪ ವರದಿ ಮಾಡುವವರ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ಲಿಖಿತ ಭರವಸೆ ಕಂಪನಿಯ ನೀತಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.